ಸಾಲದ ಜೈಲಿನಿಂದ ನದಿಯ ತಳಕ್ಕೆ: ಎಂಜಿನಿಯರ್ ಮಾರ್ಕ್ ಬ್ರೂನೆಲ್ ಮತ್ತು ಅವನ ಮನೆಯವರು

ಬೆಂಗಳೂರಿಗೆ ಹೋದಾಗ ಮೆಜೆಸ್ಟಿಕ್‌ನಲ್ಲಿ ಬಸ್ ಇಳಿದು ಮೆಟ್ರೋ ಹತ್ತಿದವರು ನಮ್ಮ ಓದುಗರಲ್ಲಿ ಬಹಳ ಜನ ಇರಬಹುದು. ಮೇಲೆ ಅಷ್ಟೊಂದು ಕಟ್ಟಡ, ಅಷ್ಟೊಂದು ವಾಹನ. ಕೆಳಗೆ ಸುರಂಗದಲ್ಲಿ ರೈಲು. ಆ ಸುರಂಗ ಕೊರೆದ ಯಂತ್ರಗಳಿಗೆ ಕಾವೇರಿ, ಕೃಷ್ಣಾ, ಗೋದಾವರಿ ಎಂದೆಲ್ಲ ಹೆಸರಿಟ್ಟಿದ್ದರು.

ಮೇಲಿನ ಮಣ್ಣು ಕುಸಿಯದ ಹಾಗೆ ತಡೆದುಕೊಂಡು ಮುಂದಕ್ಕೆ ಕೊರೆಯುವುದು, ಹಿಂದೆಯೇ ಗೋಡೆ ಕಟ್ಟುತ್ತ ಬರುವುದು. ಈ ಯಂತ್ರಗಳ ಮೂಲ ಉಪಾಯ ಇಷ್ಟೇ. ಇದನ್ನು ಜಗತ್ತಿನಲ್ಲಿ ಮೊದಲು ಮಾಡಿ ತೋರಿಸಿದವನು ಒಬ್ಬ ರೈತನ ಮಗ. ಹೆಸರು ಮಾರ್ಕ್ ಇಸಂಬಾರ್ಡ್ ಬ್ರೂನೆಲ್. ಹುಟ್ಟಿದ್ದು ಫ್ರಾನ್ಸ್‌ನಲ್ಲಿ, ಕೆಲಸ ಕಲಿತದ್ದು ಹಡಗಿನಲ್ಲಿ ಮತ್ತು ಅಮೆರಿಕದಲ್ಲಿ, ಸಂಸಾರ ಹೂಡಿದ್ದು ಇಂಗ್ಲೆಂಡಿನಲ್ಲಿ.

ಅವನ ಯಂತ್ರಗಳ ಬಗ್ಗೆ ಬೇಕಾದಷ್ಟು ಪುಸ್ತಕಗಳಿವೆ. ಇಲ್ಲಿ ಹೇಳಹೊರಟಿರುವುದು ಇನ್ನೊಂದು ವಿಷಯ. 52ನೇ ವಯಸ್ಸಿನಲ್ಲಿ ಈ ಮನುಷ್ಯ ಸಾಲ ತೀರಿಸಲಾಗದೆ ಜೈಲಿಗೆ ಹೋದ. ಇವತ್ತು ಜಗತ್ತು ಅವನನ್ನು ನೆನೆಯುವ ದೊಡ್ಡ ಕೆಲಸ ಶುರುವಾದದ್ದು ಅದರ ನಂತರ.

ಪಾದ್ರಿಯಾಗಬೇಕಿದ್ದ ಹುಡುಗ

ಉತ್ತರ ಫ್ರಾನ್ಸ್‌ನ ನಾರ್ಮಂಡಿ ಪ್ರಾಂತ್ಯದಲ್ಲಿ ಹಾಕ್‌ವಿಲ್ ಎಂಬ ಹಳ್ಳಿ. ಅಲ್ಲಿನ ಅನುಕೂಲಸ್ಥ ರೈತ ಕುಟುಂಬದಲ್ಲಿ 1769ರ ಏಪ್ರಿಲ್ 25ರಂದು ಮಾರ್ಕ್ ಹುಟ್ಟಿದ. ಆಗಿನ ರೂಢಿ ಹೀಗಿತ್ತು: ಹಿರಿಯ ಮಗನಿಗೆ ಜಮೀನು, ಎರಡನೆಯವನಿಗೆ ಚರ್ಚು. ಮಾರ್ಕ್ ಎರಡನೆಯವನು. ಹಾಗಾಗಿ ಅವನನ್ನು ರೂವನ್ ಎಂಬ ಪಟ್ಟಣದ ಪಾದ್ರಿಗಳ ಶಾಲೆಗೆ ಸೇರಿಸಿದರು.

ಹುಡುಗನಿಗೆ ಜಪತಪದಲ್ಲಿ ಮನಸ್ಸಿರಲಿಲ್ಲ. ಬಡಗಿಯ ಕೆಲಸ, ಚಿತ್ರ ಬರೆಯುವುದು, ಲೆಕ್ಕ, ಹಡಗು ನೋಡುವುದು ಇವುಗಳಲ್ಲೇ ಆಸೆ. ಇವನು ಪಾದ್ರಿಯಾಗುವವನಲ್ಲ ಎಂದು ಶಾಲೆಯ ಮುಖ್ಯಸ್ಥರಿಗೇ ಅರ್ಥವಾಯಿತು. ಕೊನೆಗೆ 1786ರಲ್ಲಿ ನೌಕಾಪಡೆ ಸೇರಿದ. ವೆಸ್ಟ್ ಇಂಡೀಸ್ ದ್ವೀಪಗಳಿಗೆ ಹಲವು ಸಲ ಹೋಗಿಬಂದ.

1792ರಲ್ಲಿ ಅವನು ಊರಿಗೆ ಮರಳುವಷ್ಟರಲ್ಲಿ ಫ್ರಾನ್ಸ್ ಹೊತ್ತಿ ಉರಿಯುತ್ತಿತ್ತು. ರಾಜನನ್ನು ಇಳಿಸಿದ್ದರು. ಕ್ರಾಂತಿಯ ಹೆಸರಿನಲ್ಲಿ ತಲೆಗಳು ಉರುಳುತ್ತಿದ್ದವು. ಮಾರ್ಕ್ ರಾಜನ ಪರ. 1793ರ ಜನವರಿಯಲ್ಲಿ ಪ್ಯಾರಿಸ್‌ನ ಒಂದು ಕಾಫಿ ಅಂಗಡಿಯಲ್ಲಿ ಕ್ರಾಂತಿಯ ನಾಯಕ ರೋಬೆಸ್ಪಿಯರ್‌ನ ವಿರುದ್ಧ ಬಾಯಿಬಿಟ್ಟ. ಆ ದಿನಗಳಲ್ಲಿ ಅಷ್ಟು ಮಾತಾಡಿದರೆ ಸಾಕಿತ್ತು. ರಾತ್ರೋರಾತ್ರಿ ರೂವನ್‌ನಲ್ಲಿದ್ದ ನೆಂಟರ ಮನೆಗೆ ಓಡಿಬಂದ.

ಆರು ವರ್ಷದ ಅಗಲಿಕೆ

ಆ ಮನೆಯಲ್ಲಿ ಒಬ್ಬ ಇಂಗ್ಲಿಷ್ ಹುಡುಗಿ ಇದ್ದಳು. ಹೆಸರು ಸೋಫಿಯಾ ಕಿಂಗ್‌ಡಮ್. ಇಂಗ್ಲೆಂಡಿನ ಪ್ಲಿಮತ್ ಊರಿನವಳು, 16 ಮಕ್ಕಳಲ್ಲಿ ಕೊನೆಯವಳು, ತಂದೆ ಇಲ್ಲದವಳು. ಫ್ರೆಂಚ್ ಕಲಿಯಲು ಬಂದವಳು ಗಲಾಟೆಯಲ್ಲಿ ಅಲ್ಲೇ ಸಿಕ್ಕಿಹಾಕಿಕೊಂಡಿದ್ದಳು. ಇಬ್ಬರಿಗೂ ಮನಸ್ಸು ಕೂಡಿತು.

ಆದರೆ ಮಾರ್ಕ್ ಅಲ್ಲಿ ನಿಲ್ಲುವ ಹಾಗಿರಲಿಲ್ಲ. 1793ರ ಜುಲೈ 7ರಂದು ಅಮೆರಿಕಕ್ಕೆ ಹೋಗುವ ಹಡಗು ಹತ್ತಿದ. ದಾರಿಯಲ್ಲಿ ತಪಾಸಣೆಗೆ ತೋರಿಸಲು ಪಾಸ್‌ಪೋರ್ಟ್ ಇಲ್ಲದಾಗ, ಹಡಗಿನಲ್ಲೇ ಕೂತು ಕೈಯಿಂದ ಒಂದನ್ನು ಬರೆದು ಪಾರಾದ ಎಂದು ಹೇಳುತ್ತಾರೆ. ಅಷ್ಟು ಚೆನ್ನಾಗಿತ್ತು ಅವನ ಕೈಕೆಲಸ.

ಸೋಫಿಯಾಳಿಗೆ ಪಾರಾಗುವ ದಾರಿ ಇರಲಿಲ್ಲ. ಇಂಗ್ಲೆಂಡಿಗೂ ಫ್ರಾನ್ಸ್‌ಗೂ ಯುದ್ಧ. ಇಂಗ್ಲಿಷರೆಲ್ಲ ಗೂಢಚಾರರು ಎಂಬ ಸಂಶಯ. ಅವಳನ್ನು ಹಿಡಿದು ಗ್ರಾವ್ಲಿನ್ ಎಂಬಲ್ಲಿ ಇಟ್ಟರು. ಸನ್ಯಾಸಿನಿಯರ ಮಠವನ್ನೇ ಜೈಲು ಮಾಡಿದ್ದರು. ಯಾವ ದಿನ ತಲೆ ಕಡಿಯಲು ಕರೆದೊಯ್ಯುತ್ತಾರೋ ಎಂಬ ಭಯದಲ್ಲೇ ತಿಂಗಳುಗಳು ಕಳೆದವು. 1794ರ ಜುಲೈನಲ್ಲಿ ರೋಬೆಸ್ಪಿಯರ್ ಬಿದ್ದ ಮೇಲೆ ಅವಳ ಜೀವ ಉಳಿಯಿತು. 1795ರಲ್ಲಿ ಲಂಡನ್ ಸೇರಿಕೊಂಡಳು.

ಅತ್ತ ಮಾರ್ಕ್ ಅಮೆರಿಕದಲ್ಲಿ ಕಾಡುಮೇಡು ಅಲೆಯುತ್ತಿದ್ದ. ಒಂಟಾರಿಯೊ ಸರೋವರದ ಹತ್ತಿರ ಜಮೀನು ಅಳೆದ. ಕಾಲುವೆಗಾಗಿ ಸರ್ವೆ ಮಾಡಿದ. 1796ರಲ್ಲಿ ಅಮೆರಿಕದ ಪೌರತ್ವ ಸಿಕ್ಕಿತು. ನ್ಯೂಯಾರ್ಕ್ ನಗರದ ಮುಖ್ಯ ಎಂಜಿನಿಯರ್ ಕೂಡ ಆದ. ಬರಿಗೈಯಲ್ಲಿ ಬಂದಿಳಿದ ವಲಸೆಗಾರನಿಗೆ ಇದು ಸಣ್ಣ ಮಾತಲ್ಲ. ಅಲ್ಲೇ ನೆಲೆ ನಿಲ್ಲಬಹುದಿತ್ತು.

ನಿಲ್ಲಲಿಲ್ಲ. 1799ರ ಫೆಬ್ರವರಿಯಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿದ. ಬಗಲಲ್ಲಿ ಒಂದು ಯಂತ್ರದ ನಕ್ಷೆ ಇತ್ತು. ಅತ್ತ ಸೋಫಿಯಾ ಇದ್ದಳು. ಹತ್ತಿರಹತ್ತಿರ ಆರು ವರ್ಷದ ನಂತರ ಭೇಟಿ. ಅದೇ ವರ್ಷದ ನವೆಂಬರ್ 1ರಂದು ಲಂಡನ್‌ನಲ್ಲಿ ಮದುವೆ. ಅವನಿಗೆ ಆಗ 30.

ರಾಟೆ ಮಾಡುವ ಯಂತ್ರ

ಬಾವಿಯಿಂದ ನೀರು ಸೇದುವ ರಾಟೆ ನಮಗೆಲ್ಲ ಗೊತ್ತು. ಹಾಯಿ ಹಡಗಿನಲ್ಲಿ ಹಾಯಿ ಏರಿಸಲು ಇಳಿಸಲು ಇಂಥದೇ ಮರದ ರಾಟೆಗಳು ಬೇಕು. ಒಂದು ದೊಡ್ಡ ಯುದ್ಧನೌಕೆಗೆ ಸುಮಾರು 900. ಬ್ರಿಟಿಷ್ ನೌಕಾಪಡೆಗೆ ವರ್ಷಕ್ಕೆ ಒಂದು ಲಕ್ಷ ರಾಟೆ ಬೇಕಾಗಿತ್ತು. ಎಲ್ಲವೂ ಕೈಕೆಲಸ. ಒಂದರಂತೆ ಇನ್ನೊಂದು ಇರುತ್ತಿರಲಿಲ್ಲ.

ಈ ಕಷ್ಟದ ವಿಷಯ ಮಾರ್ಕ್‌ನ ಕಿವಿಗೆ ಬಿದ್ದದ್ದು ಅಮೆರಿಕದಲ್ಲಿ, ಒಂದು ಊಟದ ಹೊತ್ತಿನಲ್ಲಿ. ಅವನು ಕೆಲಸವನ್ನು ತುಂಡು ತುಂಡಾಗಿ ಒಡೆದ. ಮರ ಕತ್ತರಿಸಲು ಒಂದು ಯಂತ್ರ, ತೂತು ಕೊರೆಯಲು ಇನ್ನೊಂದು, ನಯ ಮಾಡಲು ಮತ್ತೊಂದು. ಹೀಗೆ 40ಕ್ಕೂ ಹೆಚ್ಚು ಯಂತ್ರಗಳು. ನೌಕಾಪಡೆಯ ಸ್ಯಾಮ್ಯುಯೆಲ್ ಬೆಂಥಮ್ ಬೆನ್ನಿಗೆ ನಿಂತ. ಹೆನ್ರಿ ಮಾಡ್‌ಸ್ಲೇ ಎಂಬ ಚತುರ ಕುಶಲಕರ್ಮಿ ಯಂತ್ರಗಳನ್ನು ಲೋಹದಲ್ಲಿ ಮಾಡಿಕೊಟ್ಟ. ಪೋರ್ಟ್ಸ್‌ಮತ್ ಬಂದರಿನಲ್ಲಿ ಕಾರ್ಖಾನೆ ಎದ್ದಿತು.

1808ರ ಹೊತ್ತಿಗೆ ಅಲ್ಲಿ ವರ್ಷಕ್ಕೆ 1,30,000 ರಾಟೆ ತಯಾರಾಗುತ್ತಿದ್ದವು. ಹಿಂದೆ 110 ನುರಿತ ಕೆಲಸಗಾರರು ಮಾಡುತ್ತಿದ್ದುದನ್ನು 10 ಜನ ಸಾಮಾನ್ಯ ಕೆಲಸಗಾರರು ಮಾಡುತ್ತಿದ್ದರು. ಉಳಿದ 100 ಮಂದಿಯ ಕಥೆ ಏನು ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಯಂತ್ರ ಬಂದಲ್ಲೆಲ್ಲ ಈ ಪ್ರಶ್ನೆ ಅದರ ಜೊತೆಗೇ ಬರುತ್ತದೆ.

ಮನೆಯೂ ತುಂಬಿತು. ಸೋಫಿಯಾ, ಎಮ್ಮಾ ಎಂಬ ಇಬ್ಬರು ಹೆಣ್ಣುಮಕ್ಕಳು. 1806ರ ಏಪ್ರಿಲ್ 9ರಂದು ಮಗ ಹುಟ್ಟಿದ. ತಂದೆಯ ಹೆಸರು, ತಾಯಿಯ ತವರಿನ ಹೆಸರು ಎರಡನ್ನೂ ಕೂಡಿಸಿ ಇಸಂಬಾರ್ಡ್ ಕಿಂಗ್‌ಡಮ್ ಬ್ರೂನೆಲ್ ಎಂದಿಟ್ಟರು. ಮಗನಿಗೆ ನಾಲ್ಕು ವರ್ಷವಾದಾಗಲೇ ಮಾರ್ಕ್ ಚಿತ್ರ ಬರೆಯಲು ಕಲಿಸಿದ. ಎಂಟಾಗುವಷ್ಟರಲ್ಲಿ ರೇಖಾಗಣಿತ. ಮುಂದೆ ಓದಲು ತನ್ನ ನಾಡಾದ ಫ್ರಾನ್ಸ್‌ಗೆ ಕಳಿಸಿದ.

ಸಾಲ ಹೇಗೆ ಬೆಳೆಯಿತು

ಯಂತ್ರ ಮಾಡುವುದರಲ್ಲಿ ಮಾರ್ಕ್ ಜಾಣ. ಹಣದ ಲೆಕ್ಕದಲ್ಲಿ ಅಲ್ಲ. ರಾಟೆ ಯಂತ್ರಕ್ಕೆ ಕೊಡಬೇಕಾದ ಹಣವನ್ನು ಸರ್ಕಾರ ಎಳೆದಾಡಿ ಕೊಟ್ಟಿತು. ಬ್ಯಾಟರ್‌ಸೀ ಎಂಬಲ್ಲಿ ಹಾಕಿದ್ದ ಮರ ಕೊಯ್ಯುವ ಮಿಲ್ಲು 1814ರಲ್ಲಿ ಬೆಂಕಿಗೆ ಆಹುತಿಯಾಯಿತು.

ಇನ್ನೊಂದು ಪೆಟ್ಟು ಬೂಟಿನದು. ಯುದ್ಧದಿಂದ ಹಿಂದಿರುಗಿದ ಸೈನಿಕರ ಕಾಲುಗಳು ಕೆಟ್ಟ ಬೂಟಿನಿಂದ ಹುಣ್ಣಾಗಿದ್ದನ್ನು ಅವನು ನೋಡಿದ್ದ. ಗಟ್ಟಿ ಬೂಟು ಮಾಡುವ ಯಂತ್ರ ಮಾಡಿದ. ಗಾಯಗೊಂಡು ಸೈನ್ಯ ಬಿಟ್ಟವರಿಗೇ ಅಲ್ಲಿ ಕೆಲಸ ಕೊಟ್ಟ. ಸರ್ಕಾರ ಕೊಳ್ಳುತ್ತದೆಂದು ಉತ್ಪಾದನೆ ಹೆಚ್ಚಿಸಿದ. 1815ರಲ್ಲಿ ವಾಟರ್ಲೂ ಯುದ್ಧ ಮುಗಿಯಿತು. ಶಾಂತಿ ಬಂತು, ಬೂಟು ಕೇಳುವವರಿಲ್ಲ. ಮಾಲು ಗೋದಾಮಿನಲ್ಲೇ ಉಳಿಯಿತು.

ಈ ಕಥೆ ನಮಗೆ ಹೊಸದೇನಲ್ಲ. ಬೆಲೆ ಇದೆ ಎಂದು ಸಾಲ ತಂದು ಟೊಮೆಟೊ, ಈರುಳ್ಳಿ ಬೆಳೆದು, ಮಂಡಿಗೆ ಹೋಗುವಷ್ಟರಲ್ಲಿ ಬೆಲೆ ಬಿದ್ದಾಗ ಆಗುವುದೂ ಇದೇ. ಬೆಳೆದವನ ಕೈಯಲ್ಲಿ ತಪ್ಪಿಲ್ಲ. ಆದರೂ ಸಾಲ ಅವನ ಹೆಸರಿನಲ್ಲೇ ಇರುತ್ತದೆ.

ಕೊನೆಗೆ ಅವನು ನಂಬಿದ್ದ ಬ್ಯಾಂಕೂ ಮುಳುಗಿತು. 1821ರ ಮೇ ತಿಂಗಳಲ್ಲಿ ಮಾರ್ಕ್‌ನನ್ನು ಲಂಡನ್‌ನ ಕಿಂಗ್ಸ್ ಬೆಂಚ್ ಜೈಲಿಗೆ ಹಾಕಿದರು. ಸಾಲ ಸುಮಾರು 5,000 ಪೌಂಡ್. ಆಗಿನ ಇಂಗ್ಲೆಂಡಿನ ಕಾನೂನಿನಲ್ಲಿ ಸಾಲ ತೀರಿಸದವರನ್ನು ತೀರಿಸುವವರೆಗೆ ಕೂಡಿಹಾಕಬಹುದಿತ್ತು. ಒಳಗೆ ಕೂತವನು ದುಡಿದು ತೀರಿಸುವುದು ಹೇಗೆ ಎಂದು ಕಾನೂನು ಕೇಳುತ್ತಿರಲಿಲ್ಲ.

ಸೋಫಿಯಾ ಜೈಲಿಗೆ ಬಂದಳು

ಆ ಜೈಲಿನಲ್ಲಿ ಮನೆಯವರು ಜೊತೆಗಿರಲು ಅವಕಾಶವಿತ್ತು. ಸೋಫಿಯಾ ಗಂಡನ ಜೊತೆ ಒಳಗೆ ಹೋದಳು. ಹದಿನೆಂಟು ವರ್ಷದ ಹುಡುಗಿಯಾಗಿದ್ದಾಗ ಫ್ರಾನ್ಸ್‌ನಲ್ಲಿ ಬಲವಂತದಿಂದ ಜೈಲು ಕಂಡಿದ್ದವಳು, ಈಗ ತಾನಾಗಿಯೇ ಇನ್ನೊಂದು ಜೈಲಿನ ಬಾಗಿಲು ದಾಟಿದಳು. ಮಗ ಆಗ ಫ್ರಾನ್ಸ್‌ನಲ್ಲಿ ಓದುತ್ತಿದ್ದ, 15 ವರ್ಷದವನು.

ಜೈಲಿನಲ್ಲಿ ಮಾರ್ಕ್ ನಕ್ಷೆ ಬರೆಯುವುದನ್ನು ಬಿಡಲಿಲ್ಲ. ರಷ್ಯಾದ ಚಕ್ರವರ್ತಿ ಮೊದಲನೇ ಅಲೆಕ್ಸಾಂಡರ್‌ಗೆ ಅವನ ಕೆಲಸ ಗೊತ್ತಿತ್ತು. ರಷ್ಯಾಕ್ಕೆ ಬಂದು ನೆಲೆಸುವ ಬಗ್ಗೆ ಪತ್ರ ವ್ಯವಹಾರ ನಡೆಸಿದ. ಈ ಸುದ್ದಿ ಲಂಡನ್‌ನಲ್ಲಿ ಹರಡಿತು. ಇಂಥವನನ್ನು ಕಳೆದುಕೊಂಡರೆ ದೇಶಕ್ಕೆ ನಷ್ಟ ಎಂದು ವೆಲ್ಲಿಂಗ್ಟನ್ ಡ್ಯೂಕ್ ಮೊದಲಾದ ದೊಡ್ಡವರು ಸರ್ಕಾರಕ್ಕೆ ಹೇಳಿದರು. ಇಂಗ್ಲೆಂಡ್ ಬಿಟ್ಟು ಹೋಗಬಾರದು ಎಂಬ ಷರತ್ತಿನ ಮೇಲೆ ಸರ್ಕಾರ 5,000 ಪೌಂಡ್ ಕೊಟ್ಟಿತು. 88 ದಿನಗಳ ನಂತರ ಗಂಡಹೆಂಡತಿ ಹೊರಬಂದರು.

ವರ್ಷಕ್ಕೆ ಲಕ್ಷಕ್ಕೂ ಹೆಚ್ಚು ರಾಟೆ ಮಾಡಿಕೊಟ್ಟವನ ನೆನಪು ಸರ್ಕಾರಕ್ಕೆ ಬಂದದ್ದು ಬೇರೆ ದೇಶದವರು ಕರೆದಾಗ. ಇದನ್ನೂ ಇತಿಹಾಸ ಬರೆದಿಟ್ಟಿದೆ.

ಹುಳು ಕಲಿಸಿದ ಪಾಠ

ಲಂಡನ್‌ನ ನಡುವೆ ಥೇಮ್ಸ್ ನದಿ. ಬಂದರು ಬೆಳೆದಂತೆ ನದಿ ದಾಟುವುದೇ ದೊಡ್ಡ ತೊಂದರೆ. ಸೇತುವೆ ಕಟ್ಟಿದರೆ ಹಡಗುಗಳಿಗೆ ಅಡ್ಡ. ನದಿಯ ಕೆಳಗೆ ಸುರಂಗ ತೋಡಲು ಹಿಂದೆಯೇ ಪ್ರಯತ್ನ ನಡೆದಿತ್ತು. ರಿಚರ್ಡ್ ಟ್ರೆವಿಥಿಕ್ ಎಂಬ ಹೆಸರಾಂತ ಎಂಜಿನಿಯರ್ ಸಾವಿರ ಅಡಿ ತೋಡಿದ ಮೇಲೆ, 1808ರಲ್ಲಿ ನೀರು ನುಗ್ಗಿ ಎಲ್ಲ ನಿಂತುಹೋಗಿತ್ತು.

ಹಡಗಿನ ಮರವನ್ನು ಕೊರೆಯುವ ಒಂದು ಜೀವಿ ಇದೆ. ನೋಡಲು ಹುಳು, ನಿಜದಲ್ಲಿ ಚಿಪ್ಪುಜೀವಿಗಳ ಜಾತಿ. ತಲೆಯ ಕಡೆಯ ಚಿಪ್ಪಿನಿಂದ ಮರ ಕೊರೆಯುತ್ತದೆ, ಹಿಂದೆ ತಾನು ಬಂದ ದಾರಿಗೆ ಸುಣ್ಣದ ಗಟ್ಟಿ ಪದರ ಬಳಿಯುತ್ತದೆ. ಬಂದರಿನಲ್ಲಿ ಇದನ್ನು ಗಮನಿಸಿದ ಮಾರ್ಕ್‌ಗೆ ಸುರಂಗದ ಉಪಾಯ ಹೊಳೆಯಿತು. 1818ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದ. ಕೆಲಸ ಶುರುವಾದದ್ದು 1825ರ ಮಾರ್ಚ್ 2ರಂದು, ನದಿಯ ದಕ್ಷಿಣ ದಡದ ರಾದರ್‌ಹೈದ್‌ನಲ್ಲಿ.

ಮೊದಲು ಬಾವಿ ಬೇಕು. ನಮ್ಮಲ್ಲಿ ಸಡಿಲ ಮಣ್ಣಿನಲ್ಲಿ ಬಾವಿಗೆ ಸಿಮೆಂಟ್ ರಿಂಗ್ ಇಳಿಸುವುದನ್ನು ನೀವು ನೋಡಿರಬಹುದು. ಒಳಗಿನ ಮಣ್ಣು ತೆಗೆದಂತೆ ರಿಂಗ್ ತನ್ನ ಭಾರಕ್ಕೇ ಇಳಿಯುತ್ತದೆ. ಮಾರ್ಕ್ ಮಾಡಿದ್ದೂ ಅದನ್ನೇ. ಕಬ್ಬಿಣದ ಬಳೆಯ ಮೇಲೆ 50 ಅಡಿ ಅಗಲದ ಇಟ್ಟಿಗೆಯ ಗೋಪುರವನ್ನು ನೆಲದ ಮೇಲೆ ಕಟ್ಟಿ, ಅಡಿಯ ಮಣ್ಣು ತೆಗೆಸುತ್ತ ಇಡೀ ಗೋಪುರವನ್ನೇ ಭೂಮಿಗೆ ಇಳಿಸಿದ.

ಆಮೇಲೆ ಕಬ್ಬಿಣದ ದೊಡ್ಡ ಚೌಕಟ್ಟು. ಇದನ್ನು ಷೀಲ್ಡ್ ಅಂದರು. ಪಕ್ಕಪಕ್ಕ 12 ಭಾಗ, ಪ್ರತಿ ಭಾಗದಲ್ಲಿ ಒಂದರ ಮೇಲೊಂದು 3 ಗೂಡು. ಒಟ್ಟು 36 ಗೂಡಿನಲ್ಲಿ 36 ಜನ. ಪ್ರತಿಯೊಬ್ಬನ ಮುಂದೆ ಮಣ್ಣಿಗೆ ಒತ್ತಿಟ್ಟ ಹಲಗೆಗಳು. ಒಂದು ಹಲಗೆ ತೆಗೆದು, ನಾಲ್ಕೂವರೆ ಇಂಚು ಅಗೆದು, ಹಲಗೆಯನ್ನು ಮುಂದೆ ಒತ್ತಿ ಬಿಗಿಯಬೇಕು. ಆಮೇಲೆ ಮುಂದಿನ ಹಲಗೆ. ಎಲ್ಲ ಮುಗಿದ ಮೇಲೆ ಚೌಕಟ್ಟನ್ನು ಜಾಕಿಯಿಂದ ಮುಂದೆ ತಳ್ಳುವುದು. ಹಿಂದೆ ಗಾರೆಯವರು ಇಟ್ಟಿಗೆ ಕಟ್ಟುತ್ತ ಬರುವುದು.

ತಂದೆ, ಮಗ ಮತ್ತು ನೀರು

ಲಂಡನ್ ಊರಿನ ಕೊಳಚೆಯೆಲ್ಲ ಆಗ ನದಿಗೇ ಸೇರುತ್ತಿತ್ತು. ಆ ನೀರು ಸುರಂಗದಲ್ಲಿ ಜಿನುಗುತ್ತಿತ್ತು. ದುರ್ನಾತದ ಗಾಳಿಗೆ ಕೆಲಸಗಾರರ ಕಣ್ಣು ಉರಿದು ದೃಷ್ಟಿ ಹೋಗುತ್ತಿತ್ತು. ದೀಪಕ್ಕೆ ಕೆಲವೊಮ್ಮೆ ಗಾಳಿಯೇ ಹೊತ್ತಿಕೊಳ್ಳುತ್ತಿತ್ತು. 1826ರಲ್ಲಿ ಸ್ಥಳದ ಎಂಜಿನಿಯರ್ ಕಾಯಿಲೆ ಬಿದ್ದು ಕೆಲಸ ಬಿಟ್ಟ. ಆ ಜಾಗಕ್ಕೆ ಬಂದವನು ಮಗ ಇಸಂಬಾರ್ಡ್. ವಯಸ್ಸು 20.

1827ರ ಮೇ 18ರಂದು ನದಿ ಒಳಗೆ ನುಗ್ಗಿತು. ಇಸಂಬಾರ್ಡ್ ಹಗ್ಗ ಹಿಡಿದು ಬಾವಿಗಿಳಿದು ಒಬ್ಬ ವಯಸ್ಸಾದ ಕೆಲಸಗಾರನನ್ನು ಎತ್ತಿ ತಂದ. ಅಂದು ಯಾರೂ ಸಾಯಲಿಲ್ಲ. ನದಿಯ ತಳದ ತೂತಿಗೆ ಜೇಡಿಮಣ್ಣಿನ ಚೀಲಗಳನ್ನು ತುಂಬಿ ಮುಚ್ಚಿದರು.

1828ರ ಜನವರಿ 12ರಂದು ಮತ್ತೆ ನುಗ್ಗಿತು. ಈ ಸಲ 6 ಕೆಲಸಗಾರರು ಸತ್ತರು. ಇಸಂಬಾರ್ಡ್‌ನ ಕಾಲಿಗೆ ಪೆಟ್ಟು ಬಿದ್ದಿತ್ತು. ನೀರಿನ ಅಲೆಯೇ ಅವನನ್ನು ಬಾವಿಯ ಬಾಯಿಯವರೆಗೆ ಎತ್ತಿ ಎಸೆಯಿತು, ಹಾಗಾಗಿ ಬದುಕಿದ. ಸೋಫಿಯಾಳ ಒಬ್ಬನೇ ಮಗ ಉಳಿದ. ಇನ್ನು ಆರು ಮನೆಗಳಿಗೆ ದುಡಿಯಲು ಹೋದವರು ಮರಳಲಿಲ್ಲ. ಎಂಜಿನಿಯರ್‌ಗಳ ಹೆಸರು ಕಲ್ಲಿನ ಮೇಲಿದೆ, ಆ ಆರು ಜನರನ್ನು ನೆನೆಯುವವರು ಕಡಿಮೆ. ಅವರಿಲ್ಲದೆ ಈ ಕಥೆ ಪೂರ್ತಿಯಾಗುವುದಿಲ್ಲ.

ಹಣ ಮುಗಿದು ಕೆಲಸ ನಿಂತಿತು. ಸುರಂಗದ ತುದಿಗೆ ಗೋಡೆ ಕಟ್ಟಿ ಮುಚ್ಚಿದರು. ಮಾರ್ಕ್ ಏಳು ವರ್ಷ ಕಾದ. ಕಚೇರಿ ಕಚೇರಿ ಅಲೆದ. ಸರ್ಕಾರ ಸಾಲ ಕೊಟ್ಟ ಮೇಲೆ 1830ರ ದಶಕದ ನಡುವೆ, ಹೊಸ ಷೀಲ್ಡ್ ತಂದು ಮತ್ತೆ ಶುರು ಮಾಡಿದ. ಅಷ್ಟರಲ್ಲಿ ಮಗ ತನ್ನದೇ ರೈಲ್ವೆ ಕೆಲಸಕ್ಕೆ ಇಳಿದಿದ್ದ.

ವಯಸ್ಸಾದ ಗಂಡಹೆಂಡತಿ ಸುರಂಗದ ಹತ್ತಿರವೇ ಮನೆ ಮಾಡಿದರು. ರಾತ್ರಿ ಎರಡು ಗಂಟೆಗೊಮ್ಮೆ ಗಂಟೆ ಬಾರಿಸಿ, ಸುರಂಗದಲ್ಲಿ ಸಿಕ್ಕ ಮಣ್ಣಿನ ಮಾದರಿಯನ್ನು ಮಲಗುವ ಕೋಣೆಗೆ ಕಳಿಸುತ್ತಿದ್ದರಂತೆ. ಮಾರ್ಕ್ ಎದ್ದು ನೋಡಿ, ಮುಂದೇನು ಮಾಡಬೇಕೆಂದು ಹೇಳಿ ಮತ್ತೆ ಮಲಗುತ್ತಿದ್ದ. ಆ ಗಂಟೆಗೆ ಸೋಫಿಯಾಳ ನಿದ್ದೆಯೂ ಹೋಗುತ್ತಿತ್ತು ಎಂದು ಬೇರೆ ಹೇಳಬೇಕಿಲ್ಲ.

ಕೊನೆಗೂ ಆ ದಡ

1843ರ ಮಾರ್ಚ್ 25ರಂದು ಸುರಂಗ ಜನರಿಗೆ ತೆರೆಯಿತು. ಶುರುವಾಗಿ 18 ವರ್ಷ. ಹರಿಯುವ ದೊಡ್ಡ ನದಿಯ ಕೆಳಗೆ ಕಟ್ಟಿದ ಜಗತ್ತಿನ ಮೊದಲ ಸುರಂಗ ಇದು. ಮೊದಲ ದಿನವೇ 50,000 ಜನ ನಡೆದರು. ಮಾರ್ಕ್‌ಗೆ ಆಗ 73. ಹಿಂದಿನ ವರ್ಷವೇ ಲಕ್ವ ಹೊಡೆದಿತ್ತು.

ಅದೇ ತಿಂಗಳು ಕಳೆಯುತ್ತಿದ್ದಂತೆ ಮನೆಯಲ್ಲಿ ಇನ್ನೊಂದು ಆತಂಕ. ಇಸಂಬಾರ್ಡ್ ತನ್ನ ಮಕ್ಕಳಿಗೆ ನಾಣ್ಯದ ಜಾದೂ ತೋರಿಸುವಾಗ ನಾಣ್ಯ ಶ್ವಾಸನಾಳಕ್ಕೆ ಜಾರಿತು. ವಾರಗಟ್ಟಲೆ ಒಳಗೇ ಇತ್ತು. ಕೊನೆಗೆ ಅವನನ್ನು ತಿರುಗುವ ಹಲಗೆಗೆ ಕಟ್ಟಿ, ತಲೆಕೆಳಗು ಮಾಡಿದಾಗ ಹೊರಬಿತ್ತು. ಎಂಜಿನಿಯರ್‌ಗಳ ಮನೆಯಲ್ಲಿ ಮದ್ದೂ ಒಂದು ಯಂತ್ರವೇ.

ಸುರಂಗದಿಂದ ಲಾಭ ಬರಲಿಲ್ಲ. ಗಾಡಿಗಳು ಇಳಿಯಲು ಇಳಿಜಾರು ದಾರಿ ಕಟ್ಟಲು ಹಣವಿಲ್ಲದೆ, ಅದು ಒಂದು ಪೆನ್ನಿ ಕೊಟ್ಟು ನಡೆಯುವ ದಾರಿಯಾಗಿಯೇ ಉಳಿಯಿತು. 1869ರಲ್ಲಿ ಅದರಲ್ಲಿ ರೈಲು ಓಡಿತು. ಇವತ್ತಿಗೂ ಓಡುತ್ತಿದೆ.

ಮಾರ್ಕ್ 1849ರ ಡಿಸೆಂಬರ್ 12ರಂದು ತೀರಿಕೊಂಡ. ಲಂಡನ್‌ನ ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ ಮಣ್ಣು ಮಾಡಿದರು. 1855ರಲ್ಲಿ ಸೋಫಿಯಾಳನ್ನು ಅಲ್ಲೇ, ಅದೇ ಸಮಾಧಿಯಲ್ಲಿ ಮಲಗಿಸಿದರು. ರೈಲು ಮಾರ್ಗ, ಸೇತುವೆ, ಉಕ್ಕಿಗೂ ಮೊದಲಿನ ಕಾಲದ ಕಬ್ಬಿಣದ ಮಹಾಹಡಗುಗಳಿಂದ ತಂದೆಗಿಂತ ದೊಡ್ಡ ಹೆಸರು ಮಾಡಿದ ಇಸಂಬಾರ್ಡ್, 1859ರಲ್ಲಿ 53ಕ್ಕೇ ಅವರನ್ನು ಸೇರಿಕೊಂಡ.

ಸಾಲ ಎಂದರೆ ಏನೆಂದು ನಮ್ಮ ಹಳ್ಳಿಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಸಾಲ ಕೊಟ್ಟವರು ಬಾಗಿಲಿಗೆ ಬಂದು ನಿಂತಾಗ, ನೆರೆಯವರು ನೋಡುವಾಗ, ಬದುಕು ಇಲ್ಲಿಗೆ ಮುಗಿಯಿತು ಅನ್ನಿಸುತ್ತದೆ. ಹಾಗೆ ಅನ್ನಿಸಿ ಮುಗಿಸಿಕೊಂಡವರ ಮನೆಗಳು ನಮ್ಮ ಸುತ್ತ ಇವೆ. ಮಾರ್ಕ್‌ಗೆ ಚಕ್ರವರ್ತಿಯ ಪತ್ರ ಬಂತು, ಎಲ್ಲರಿಗೂ ಅಂಥ ಪತ್ರ ಬರುವುದಿಲ್ಲ ನಿಜ. ಆದರೆ ಆ ಪತ್ರಕ್ಕೂ ಮೊದಲು ಅವನ ಜೊತೆಗೆ ಹೆಂಡತಿ ಬಂದು ಕೂತಿದ್ದಳು. ನಮ್ಮ ಊರಿನಲ್ಲಿ ಸಾಲದಲ್ಲಿ ಬಿದ್ದವರ ಜೊತೆ ಹೋಗಿ ಕೂರಲು ಚಕ್ರವರ್ತಿ ಆಗಬೇಕಿಲ್ಲ.

1821ರ ಬೇಸಿಗೆಯಲ್ಲಿ ಜೈಲಿನ ಪುಸ್ತಕದ ಲೆಕ್ಕಕ್ಕೆ ಮಾರ್ಕ್ ಬ್ರೂನೆಲ್ ಅಂದರೆ ತೀರದ 5,000 ಪೌಂಡ್ ಅಷ್ಟೇ. ಆ ಲೆಕ್ಕದಲ್ಲಿ ಥೇಮ್ಸ್ ಸುರಂಗ ಇನ್ನೂ ಸೇರಿರಲಿಲ್ಲ.